ಬಾಗಿಲು ತೆರೆದಿಟ್ಟು ಕಾಯುವ ವಿದ್ಯೆ

೧೯೮೮ನೆಯ ಇಸವಿ ನವೆಂಬರ್ ೨ನೆಯ ತಾರೀಖಿನ ಸಂಜೆ ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳ ಗಣಕಯಂತ್ರಗಳಿಗೆ ಏನೋ ಒಂದು ಜಾಡ್ಯ ತಗುಲಿದಂತಾಯಿತು. ಯಾರೂ ಹೇಳದ ಕೆಲಸದಲ್ಲಿ ಅವು ಮಗ್ನವಾಗಿ, ಹೇಳಿದ ಕೆಲಸವನ್ನು ಮಾಡಲಾರದೆ ಹೋದುವು. ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸಿದರೆ ಕೆಲವು ನಿಮಿಷ ನೆಟ್ಟಗಿದ್ದು ಪುನಃ ಅದೇ ಅವಸ್ಥೆ. ಅಂದು ಇಂಟರ್‌ನೆಟ್ಟಿಗೆ ಸೇರಿದ್ದ ಯಂತ್ರಗಳು ಸುಮಾರು ಅರವತ್ತು ಸಾವಿರ. ಅವುಗಳಲ್ಲಿ ಆರು ಸಾವಿರದಷ್ಟು ಈ ಪೀಡೆಗೆ ತುತ್ತಾದುವೆಂದು ಆಮೇಲೆ ಅಂದಾಜು ಮಾಡಲಾಯಿತು.

ಕಾರಣ ಒಬ್ಬ ವಿದ್ಯಾರ್ಥಿ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಗೆ ತೊಡಗಿದ್ದ ರಾಬರ್ಟ್ ಟಪನ್ ಮಾರಿಸ್ ಎಂಬಾತನು ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನಾಗಿ ಹರಿದುಹೋಗಿ ತನ್ನನ್ನೇ ನಕಲು ಮಾಡಿಕೊಳ್ಳಬಲ್ಲ ಪ್ರೋಗ್ರಾಮೊಂದನ್ನು ರಚಿಸಿ, ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಯಂತ್ರವೊಂದರಿಂದ ಹೊರಬಿಟ್ಟಿದ್ದನು. ಇಂಥದಕ್ಕೆ ‘ಹುಳು’ ಎಂದು ಹೆಸರು. ಒಂದು ಯಂತ್ರದಲ್ಲಿ ಈಗಾಗಲೇ ಹುಳುವಿದ್ದರೆ ಎರಡನೆಯದು ಅಲ್ಲಿ ನಿಲ್ಲಬಾರದೆಂಬ ಏರ್ಪಾಡು ಅದರಲ್ಲಿ ಇದ್ದಿತು. ಆದರೆ ಯಂತ್ರದ ಒಡೆಯನು ‘ಇಲ್ಲಿ ಆಗಲೇ ಹುಳುವಿದೆ’ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಲ್ಲವೆ? ಅದಕ್ಕಾಗಿ, ಏಳು ಸಾರಿಗೆ ಒಂದು ಸಾರಿ ಆ ಮಾತನ್ನು ನಂಬದೆ ನಿಂತೇಬಿಡಬೇಕೆಂದು ಆತನು ಗೊತ್ತುಮಾಡಿದ್ದನು. ಏಳಕ್ಕೆ ಒಂದು ಎಂಬ ಪ್ರಮಾಣ ತೀರ ಹೆಚ್ಚಾಯಿತು. ಒಂದೇ ಯಂತ್ರದೊಳಗೆ ಹತ್ತಾರು ಹುಳುಗಳು ಸೇರಿ ಅದನ್ನು ಉಸಿರುಕಟ್ಟಿಸಿದುವು.

ಹುಳು ಒಳಹೊಕ್ಕ ದಾರಿಗಳಲ್ಲಿ ಒಂದನ್ನು ತಿಳಿದುಕೊಳ್ಳುವುದು ಮುಂದಿನ ವಿಚಾರಕ್ಕೆ ಸಹಾಯಕ. ‘ಫಿಂಗರ್’ ಎಂಬ ಸೇವೆಯು, ಒಂದು ಯಂತ್ರವನ್ನು ಈಗ ಯಾರು ಬಳಸುತ್ತಿದ್ದಾರೆಂದು ದೂರದಿಂದ ಕೇಳಿದವರಿಗೆ ತಿಳಿಸುತ್ತಿದ್ದಿತು. ಬಂದ ಪ್ರಶ್ನೆಯನ್ನು ಬರೆದುಕೊಳ್ಳಲು ಅದು ೫೧೨ ಬೈಟುಗಳಷ್ಟು ಜಾಗವನ್ನು ಕಾದಿರಿಸಿದ್ದಿತು. ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರಕ್ಕೆ ಬೇಕಾಗುವ ಸ್ಥಳ. ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. ಅವನು ಬಂದವರ ಮಾತನ್ನು ಒಂದು ಹಲಗೆಯ ಮೇಲೆ ಬರೆದುಕೊಳ್ಳುತ್ತಾನೆ. ಅದೇ ಹಲಗೆಯ ಕೆಳ ಅಂಚಿನಲ್ಲಿ, ‘ಈ ಕೆಲಸ ಮುಗಿದ ಮೇಲೆ ನಾನು ಇಂಥ ಕೊಠಡಿಗೆ ಹಿಂದಿರುಗಬೇಕು’ ಎಂದು ಗುರುತು ಹಾಕಿಕೊಂಡಿದ್ದಾನೆ. ಬಂದವನು ಹಲಗೆ ಹಿಡಿಸುವುದಕ್ಕಿಂತ ಉದ್ದದ ಮಾತನ್ನಾಡಿದರೆ, ಅಳತೆ ನೋಡದ ಗುಮಾಸ್ತನು ಬರೆಯುತ್ತಲೇ ಹೋಗಿ ತನ್ನ ಗುರುತನ್ನೇ ಅಳಿಸಿ, ಅದರ ಮೇಲೆ ಬಂದವನ ಮಾತನ್ನು ಬರೆದುಬಿಡುತ್ತಾನೆ. ಆಮೇಲೆ ಅವನು ಹೋಗುವುದು ಬಂದವನು ಹೇಳಿದ ಕೊಠಡಿಗೆ! ಹುಳು ಕಳುಹಿಸಿದ್ದು ೫೩೬ ಬೈಟುಗಳ ಮಾತು. ಮಿಕ್ಕ ೨೪ ಬೈಟುಗಳು ಹಲಗೆಯ ಅಂಚನ್ನು ಮೀರಿ, ಯಂತ್ರದ ಹತೋಟಿಯನ್ನೇ ಅದಕ್ಕೆ ಒಪ್ಪಿಸಿದುವು.

ಆ ರಾತ್ರಿ ಬರ್ಕ್ಲಿಯಲ್ಲಿಯೂ ಮೆಸಾಚೂಸೆಟ್ಸಿನಲ್ಲಿಯೂ ಇತರ ಕಡೆಗಳಲ್ಲಿಯೂ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ನಿದ್ದೆಗೆಟ್ಟು ಹುಳುವನ್ನು ಸೀಳಿ ನೋಡಿದರು. ಒಂದೆರಡು ದಿನಗಳಲ್ಲಿ ಮದ್ದೂ ಸಿದ್ಧವಾಯಿತು. ಆದರೆ ಇದಕ್ಕೆ ಮೊದಲೇ ಒಂದು ವಿಚಿತ್ರ ನಡೆದಿತ್ತು. ಮಾರಿಸನ ಗೆಳೆಯನೊಬ್ಬನು ಆತನ ಕೋರಿಕೆಯಂತೆ ಹುಳುವನ್ನು ತಡೆಯುವ ಉಪಾಯವನ್ನು ಬರೆದು, ಹೆಸರಿಲ್ಲದ ಪತ್ರವಾಗಿ ಅದೇ ಜಾಲದ ಮೂಲಕ ಹಂಚಲು ಹೊರಟಿದ್ದನು. ಪತ್ರ ಸಕಾಲದಲ್ಲಿ ತಲಪಲೇ ಇಲ್ಲ. ಭೀತರಾದ ಎಷ್ಟೋ ಮಂದಿ ತಮ್ಮ ಯಂತ್ರಗಳನ್ನು ಜಾಲದಿಂದ ಕಿತ್ತುಹಾಕಿ ಕುಳಿತಿದ್ದರು. ಕಳ್ಳನು ಬಾರದಿರಲೆಂದು ಮುಚ್ಚಿದ ಬಾಗಿಲು ವೈದ್ಯನನ್ನೂ ಹೊರಗೇ ನಿಲ್ಲಿಸಿತು.

ಮಾರಿಸನಿಗೆ ೧೯೯೦ರಲ್ಲಿ ಮೂರು ವರ್ಷಗಳ ಪರೀಕ್ಷಾವಧಿ, ನಾನೂರು ಗಂಟೆಗಳ ಸಮಾಜಸೇವೆ ಮತ್ತು ೧೦,೦೫೦ ಡಾಲರುಗಳ ಜುಲ್ಮಾನೆ ವಿಧಿಸಲಾಯಿತು. ಹುಳುವನ್ನು ಹೊರಬಿಡಲು ಆತನು ಆರಿಸಿಕೊಂಡಿದ್ದ ಸಂಸ್ಥೆಯಲ್ಲಿಯೇ ಮುಂದೆ ಆತನು ಪ್ರಾಧ್ಯಾಪಕನಾದುದು ಕಾಲದ ಒಂದು ವಿನೋದ. ಅದಿರಲಿ. ಆ ಘಟನೆಯಾದ ತಿಂಗಳಲ್ಲಿಯೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ, ಇಂಥ ತುರ್ತು ಸಮಯಗಳಲ್ಲಿ ಎಲ್ಲರಿಗೂ ಮಾಹಿತಿ ನೀಡತಕ್ಕ ಒಂದು ಕೇಂದ್ರ ಸ್ಥಾಪಿತವಾಯಿತು. ಗಣಕಜಾಲದ ಕಾವಲು, ಎಂದರೆ ಈಗ ನಾವು ಸೈಬರ್ ಭದ್ರತೆ ಎನ್ನುವುದು, ಒಂದು ವೃತ್ತಿಯಾಗಿ ರೂಪುಗೊಳ್ಳುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಈ ವೃತ್ತಿಯನ್ನು ಕಲಿಯುವ ಬಗೆ ಯಾವುದು? ಪಠ್ಯಪುಸ್ತಕಗಳೂ ಪದವಿಗಳೂ ಈಗ ಬೇಕಾದಷ್ಟಿವೆ. ಆದರೂ ಈ ವಿದ್ಯೆಯಲ್ಲಿ ನುರಿತವರನ್ನು ಕೇಳಿದರೆ, ತರಗತಿಯಲ್ಲಿ ಕಲಿತದ್ದರ ಜೊತೆಗೆ ಅವರು ಸಾಮಾನ್ಯವಾಗಿ ಇನ್ನು ಮೂರು ಶಾಲೆಗಳನ್ನು ಹೆಸರಿಸುವರು: ಉಪನ್ಯಾಸ, ಪಂದ್ಯ ಮತ್ತು ರಕ್ಷಣಾಭ್ಯಾಸ. ಮೂರೂ ಒಂದೇ ಪಾಠವನ್ನು ಕಲಿಸುವುದಿಲ್ಲ. ಅವುಗಳಲ್ಲಿ ಹೆಚ್ಚು ಹೆಸರಾದುದು ಪಂದ್ಯ. ಹೆಚ್ಚು ಕಲಿಸತಕ್ಕದ್ದು, ನನ್ನ ಅಭಿಪ್ರಾಯದಲ್ಲಿ, ರಕ್ಷಣಾಭ್ಯಾಸ.

ಮೊದಲು ಉಪನ್ಯಾಸವನ್ನು ನೋಡೋಣ. ೧೯೯೩ರಿಂದ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ‘ಡೆಫ್‌ಕಾನ್’ ಎಂಬ ಸಮ್ಮೇಳನ ಸೇರುತ್ತಿದೆ; ಜರ್ಮನಿಯಲ್ಲಿ ೧೯೮೪ರಿಂದಲೂ ಇಂಥದೊಂದು ಸಮ್ಮೇಳನ ಉಂಟು; ನಮ್ಮ ಗೋವೆಯಲ್ಲಿ ೨೦೧೦ರಲ್ಲಿ ‘ನಲ್‌ಕಾನ್’ ಆರಂಭವಾಯಿತು. ಇಲ್ಲಿ ಮಾತನಾಡುವವರು ಸಾಮಾನ್ಯವಾಗಿ ತಾವು ಕಂಡುಹಿಡಿದ ಒಂದು ದೋಷವನ್ನು ಸಭೆಯ ಮುಂದಿಡುವರು. ಒಂದು ಒಳ್ಳೆಯ ಉಪನ್ಯಾಸದಿಂದ ಎಷ್ಟು ಕಲಿಯಬಹುದೆಂಬುದಕ್ಕೆ ಡಾನ್ ಕಾಮಿನ್‌ಸ್ಕಿ ೨೦೦೮ರ ಆಗಸ್ಟಿನಲ್ಲಿ ಲಾಸ್ ವೇಗಸಿನ ‘ಬ್ಲಾಕ್ ಹ್ಯಾಟ್’ ಸಮ್ಮೇಳನದಲ್ಲಿ ಮಾಡಿದ ಭಾಷಣವೇ ಸಾಕು.

ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳ ವಿಳಾಸವಿದೆ. ನಾವು ಬಳಸುವುದಾದರೋ ಹೆಸರುಗಳನ್ನು. ಹೆಸರನ್ನು ಕೊಟ್ಟರೆ ವಿಳಾಸವನ್ನು ತಿಳಿಸುವ ವ್ಯವಸ್ಥೆಯನ್ನು ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದನು. ನಿಮ್ಮ ಊರಿನ ಸೇವಾಯಂತ್ರವು ಒಂದು ಬ್ಯಾಂಕಿನ ವಿಳಾಸವನ್ನು ಕೇಳಿ ಪ್ರಶ್ನೆ ಕಳುಹಿಸುವಾಗ ಅದರ ಮೇಲೆ ಒಂದು ಕ್ರಮಾಂಕವನ್ನು ಬರೆಯುತ್ತದೆ. ಉತ್ತರದಲ್ಲಿಯೂ ಅದೇ ಕ್ರಮಾಂಕವಿದ್ದರೆ ಮಾತ್ರ ನಂಬುತ್ತದೆ. ಕ್ರಮಾಂಕಕ್ಕೆ ಹದಿನಾರು ದ್ವಿಮಾನ ಸ್ಥಾನಗಳಿರುವುದರಿಂದ ಸಾಧ್ಯವಿರುವ ಸಂಖ್ಯೆಗಳು ೬೫,೫೩೬. ನಿಜವಾದ ಉತ್ತರ ಬರುವ ಮೊದಲೇ ಮೋಸಗಾರನೊಬ್ಬನು ಸುಳ್ಳು ಉತ್ತರಗಳನ್ನು ಊಹೆಯ ಕ್ರಮಾಂಕಗಳೊಡನೆ ಎಸೆಯುತ್ತಾನೆಂದು ಭಾವಿಸೋಣ. ಒಂದು ಸಲಕ್ಕೆ ನೂರು ಸುಳ್ಳುತ್ತರಗಳನ್ನು ಎಸೆಯಬಲ್ಲನಾದರೆ, ಅವನ ಗೆಲವಿನ ಸಂಭವ ಸುಮಾರು ೬೫೫ಕ್ಕೆ ಒಂದು. ಸೋತನೆಂದರೆ, ನಿಜವಾದ ಉತ್ತರವನ್ನು ಯಂತ್ರವು ತನ್ನ ಬಳಿ ಒಂದು ದಿನದ ಮಟ್ಟಿಗೆ ಉಳಿಸಿಕೊಳ್ಳುತ್ತದೆ ಎನ್ನೋಣ. ಅಲ್ಲಿಯವರೆಗೆ ಹೊಸ ಪ್ರಶ್ನೆಯೇ ಇಲ್ಲ. ದಿನಕ್ಕೆ ಒಂದೇ ಪ್ರಯತ್ನವಾದರೆ ಸರಾಸರಿ ೬೫೫ ದಿನಗಳು ಬೇಕು. ಯಾವ ಕಳ್ಳನಿಗೆ ಅಷ್ಟು ತಾಳ್ಮೆ? ಆದುದರಿಂದ ಎಲ್ಲರೂ ನಿಶ್ಚಿಂತರಾಗಿದ್ದರು.

ಕಾಮಿನ್‌ಸ್ಕಿ ಕಂಡದ್ದೇನೆಂದರೆ, ಆ ಒಂದು ದಿನದ ಕಾಯುವಿಕೆಯೇ ಅನಾವಶ್ಯಕ. ಬ್ಯಾಂಕಿನ ಹೆಸರನ್ನು ಕೇಳುವ ಬದಲು ಅದರ ಹೆಸರಿನಡಿ ಇಲ್ಲದ ಶಾಖೆಗಳನ್ನು ಒಂದಾದಮೇಲೊಂದರಂತೆ ಕೇಳಿಸಿದರೆ ಪ್ರತಿಯೊಂದೂ ಹೊಸ ಪ್ರಶ್ನೆ, ಪ್ರತಿಯೊಂದೂ ಹೊಸ ಪಂದ್ಯ! ಸುಳ್ಳುತ್ತರದಲ್ಲಿ, ‘ಈ ಶಾಖೆಯ ಸಂಗತಿ ನನಗೆ ತಿಳಿಯದು, ಈ ಬ್ಯಾಂಕಿನ ಹೆಸರುಗಳನ್ನೆಲ್ಲ ಬಲ್ಲವನು ಇಂಥ ವಿಳಾಸದಲ್ಲಿದ್ದಾನೆ, ಅವನನ್ನು ಕೇಳಿ’ ಎಂದು ಬರೆದುಬಿಟ್ಟರೆ, ಒಂದು ಸುಳ್ಳು ಶಾಖೆಯ ನೆಪದಲ್ಲಿ ಇಡೀ ಬ್ಯಾಂಕೇ ಕೈವಶ. ಸೆಕೆಂಡಿಗೆ ಒಂದು ಪ್ರಯತ್ನವೆಂದರೂ ೬೫೫ ದಿನಗಳ ಕೆಲಸ ೬೫೫ ಸೆಕೆಂಡುಗಳಲ್ಲಿ, ಎಂದರೆ ಹನ್ನೊಂದು ನಿಮಿಷಗಳಲ್ಲಿ, ಮುಗಿಯುತ್ತದೆ.

ಇದನ್ನು ಕಂಡಾತನು ಕೂಡಲೆ ಸಭೆ ಸೇರಿಸಿ ಸಾರಲಿಲ್ಲ ಎಂಬುದೂ ಪಾಠದ ಒಂದು ಭಾಗ. ಆ ವರ್ಷದ ಮಾರ್ಚಿಯಲ್ಲಿ ಪ್ರಮುಖ ತಯಾರಕರ ಕಡೆಯ ತಜ್ಞರು ಗುಟ್ಟಾಗಿ ಸೇರಿ ಆಲೋಚಿಸಿದರು. ಜುಲೈ ೮ರಂದು ಅನೇಕ ತಯಾರಕರು ಒಂದೇ ದಿನ ದುರಸ್ತಿಯನ್ನು ಹಂಚಿದರು. ಭಾಷಣ ಅದಾದ ಮೇಲೆ. (ಗುಟ್ಟು ಭಾಷಣಕ್ಕೆ ಮೊದಲೇ, ಜುಲೈ ತಿಂಗಳಲ್ಲಿಯೇ ಬಯಲಾಯಿತೆಂಬುದು ಬೇರೆ ಮಾತು.) ದುರಸ್ತಿ ಯಾವುದು? ಕ್ರಮಾಂಕದ ಜೊತೆಗೆ ಪ್ರಶ್ನೆ ಹೊರಡುವ ಕಿಂಡಿಯನ್ನೂ ಪ್ರತಿಸಲ ಬದಲಾಯಿಸುವುದು. ಕಿಂಡಿಗಳು ಸುಮಾರು ೬೪,೦೦೦ ಎಂದಿಟ್ಟುಕೊಂಡರೆ ಹನ್ನೊಂದು ನಿಮಿಷಗಳ ಕೆಲಸ ಅಷ್ಟರಿಂದ ಗುಣಿಸಲ್ಪಟ್ಟು ಸುಮಾರು ಹದಿನಾರು ತಿಂಗಳಾಗುತ್ತದೆ. ದೋಷ ಹೋಗಲಿಲ್ಲ, ಕಾಲ ಉದ್ದವಾಯಿತು, ಅಷ್ಟೆ. ಉತ್ತರಕ್ಕೆ ಸಹಿ ಹಾಕುವ ಬೇರೊಂದು ವಿಧಾನವೇ ಇದಕ್ಕೆ ನಿಜವಾದ ಚಿಕಿತ್ಸೆ.

ಇಂಥ ಭಾಷಣವನ್ನು ಕೇಳಿದ ವಿದ್ಯಾರ್ಥಿಯು ಬೆರಗಾಗಿ ಚಪ್ಪಾಳೆ ತಟ್ಟಿ ಎದ್ದುಬಂದರೆ ಅವನಿಗೆ ದಕ್ಕಿದ್ದು ಒಂದು ಕಥೆ ಮಾತ್ರ. ಮನೆಗೆ ಬಂದು, ತನ್ನದೇ ಎರಡು ಮೂರು ಯಂತ್ರಗಳನ್ನು ತನ್ನೊಳಗೇ ಜೋಡಿಸಿ, ಮೇಲೆ ನಾವು ಮಾಡಿದ ಲೆಕ್ಕವನ್ನು ಪ್ರಯೋಗಮಾಡಿ ನೋಡಿದರೆ ಅದು ವಿದ್ಯೆಯಾಗುತ್ತದೆ. ಒಂದೇ ಯಂತ್ರದೊಳಗೆ ಹಲವು ಕಲ್ಪಿತ ಯಂತ್ರಗಳನ್ನು ನಡೆಸುವ ಪ್ರೋಗ್ರಾಮುಗಳು ಈಗ ಉಚಿತವಾಗಿ ದೊರೆಯುವುದರಿಂದ, ಇದಕ್ಕೆ ಹೆಚ್ಚಿನ ಹಣವೂ ಬೇಡ.

ಇನ್ನು ಪಂದ್ಯ. ಇದರ ಹೆಸರು ‘ಧ್ವಜಾಪಹರಣ’ ಎಂಬರ್ಥದ್ದು. ಎದುರು ಪಕ್ಷದ ಧ್ವಜವನ್ನು ಕದ್ದು ತರುವ ಹುಡುಗರಾಟದಿಂದ ಬಂದುದು. ಡೆಫ್‌ಕಾನಿನಲ್ಲಿ ಇದು ೧೯೯೬ರಲ್ಲಿ ಪ್ರಾರಂಭವಾಯಿತು. ಸರಳ ರೂಪದಲ್ಲಿ ವ್ಯವಸ್ಥಾಪಕರು ಕೆಲವು ಸಮಸ್ಯೆಗಳನ್ನು ಒಡ್ಡುವರು. ಗುಪ್ತಲಿಪಿಯನ್ನು ಬಿಡಿಸುವುದು, ಮೂಲವಿಲ್ಲದ ಪ್ರೋಗ್ರಾಮನ್ನು ಹಿಮ್ಮುಖವಾಗಿ ಓದುವುದು, ಅಳಿಸಿದ ಕಡತವನ್ನು ಹುಡುಕುವುದು, ಹೀಗೆ. ಒಂದೊಂದು ಸಮಸ್ಯೆಯ ಒಳಗೂ ಒಂದು ಅಕ್ಷರಸಾಲು ಅಡಗಿರುತ್ತದೆ, ಅದೇ ಧ್ವಜ. ಕಂಡುಹಿಡಿದು ಒಪ್ಪಿಸಿದವರಿಗೆ ಅಂಕಗಳು.

ಉದಾಹರಣೆಗೆ ಒಂದನ್ನು ಬಿಡಿಸೋಣ. ಚೆಕ್ಕಿನ ಮೇಲೆ ಹಣದ ಮೊತ್ತವನ್ನು ಬರೆದಾದ ಮೇಲೆ ನಾವು ‘ಮಾತ್ರ’ ಎಂದು ಬರೆದು ಗೆರೆ ಎಳೆಯುತ್ತೇವಲ್ಲವೆ? ಏಕೆ? ‘ಐದು ಸಾವಿರ’ ಎಂದಷ್ಟೇ ಬಿಟ್ಟರೆ ಮುಂದಿನ ಖಾಲಿ ಜಾಗದಲ್ಲಿ ಯಾರಾದರೂ ‘ದ ಒಂಬೈನೂರು’ ಎಂದು ಸೇರಿಸಿಯಾರು. ನಮ್ಮ ಹಿರಿಯರಿಗೆ ಗೊತ್ತಿದ್ದ ಈ ಎಚ್ಚರಿಕೆಯನ್ನು ಜಾಲತಾಣಗಳನ್ನು ಕಟ್ಟಿದ ಎಷ್ಟೋ ಜಾಣರು ಮರೆತರು. ಸದಸ್ಯನು ತನ್ನ ಹೆಸರನ್ನೂ ಗುಪ್ತಪದವನ್ನೂ ಬರೆದಾಗ, ತಾಣವು ದಾಖಲೆಗಳ ಭಂಡಾರಕ್ಕೆ ಒಂದು ವಾಕ್ಯವನ್ನು ಕಳುಹಿಸುತ್ತದೆ. ಅದನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

ಹೆಸರು ‘......’ ಆಗಿ, ಗುಪ್ತಪದ ‘......’ ಆಗಿ ಇರತಕ್ಕ ಸದಸ್ಯನ ಪುಟವನ್ನು ತೆರೆ.

ಈಗ ಎರಡನೆಯ ಖಾಲಿ ಜಾಗದಲ್ಲಿ ಗುಪ್ತಪದದ ಬದಲು ಒಬ್ಬನು ಉದ್ಧರಣ ಚಿಹ್ನೆಗಳನ್ನೂ ಸೇರಿಸಿ, ಏನೋ’ ಆಗಿ, ಅಥವಾ ೧ ಎಂಬುದು ‘೧ ಎಂದು ತುಂಬುತ್ತಾನೆ. ವಾಕ್ಯ ಏನಾಯಿತು?

ಹೆಸರು ‘ರಾಮ’ ಆಗಿ, ಗುಪ್ತಪದ ‘ಏನೋ’ ಆಗಿ, ಅಥವಾ ೧ ಎಂಬುದು ‘೧’ ಆಗಿ ಇರತಕ್ಕ ಸದಸ್ಯನ ಪುಟವನ್ನು ತೆರೆ.

ಒಂದು ಎಂಬುದು ಎಂದೆಂದಿಗೂ ಒಂದೇ. ಭಂಡಾರವು ಪುಟವನ್ನು ತೆರೆದುಬಿಡುತ್ತದೆ. ಫಿಂಗರ್ ಸೇವೆಯ ದೋಷವೂ ಇದೂ ಮೂಲದಲ್ಲಿ ಒಂದೇ ಜಾತಿಯವು ಎಂಬುದನ್ನು ಗಮನಿಸಬೇಕು: ಹೊರಗಿನಿಂದ ಬಂದ ಮಾತು, ತನಗೆ ಕೊಟ್ಟ ಜಾಗವನ್ನು ಮೀರಿ, ಅಪ್ಪಣೆಯಾಗಿ ಮಾರ್ಪಟ್ಟಿತು. ಪರಿಹಾರವೆಂದರೆ, ವಾಕ್ಯವನ್ನು ಮೊದಲೇ ಭಂಡಾರಕ್ಕೆ ತಿಳಿಸಿ ಮುಗಿಸಿ, ತುಂಬುವ ಪದಗಳನ್ನು ಬೇರೆಯಾಗಿ ಕಳುಹಿಸುವುದು. ಆಗ ಅವು ಎಷ್ಟು ಚಮತ್ಕಾರದಿಂದ ಕೂಡಿದ್ದರೂ ಪದಗಳಾಗಿಯೇ ಉಳಿಯುವುವು.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಪಂದ್ಯದ ಬೇಲಿಯೊಳಗೆ ವಿದ್ಯೆಯಾದುದು ಹೊರಗೆ ಅಪರಾಧ. ಒಡೆಯನ ಅನುಮತಿಯಿಲ್ಲದೆ ಮತ್ತೊಬ್ಬರ ಗಣಕದೊಳಗೆ ಪ್ರವೇಶಿಸುವುದನ್ನು ನಮ್ಮ ದೇಶದ ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೩ನೆಯ ಪ್ರಕರಣವು ನಿಷೇಧಿಸುತ್ತದೆ. ಅದನ್ನು ವಂಚನೆಯ ಉದ್ದೇಶದಿಂದ ಮಾಡಿದವರಿಗೆ ೬೬ನೆಯ ಪ್ರಕರಣದ ಮೇರೆಗೆ ಮೂರು ವರ್ಷಗಳವರೆಗೆ ಸೆರೆಮನೆ, ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಲೇಜಿನ ಅಂಕಪಟ್ಟಿಯ ತಾಣದ ಮೇಲೆ ‘ಸುಮ್ಮನೆ ನೋಡೋಣ’ ಎಂದು ಮೇಲಿನ ವಾಕ್ಯವನ್ನು ಪ್ರಯೋಗಿಸುವುದು ಕುತೂಹಲವಲ್ಲ. ಕುತೂಹಲವನ್ನು ತೀರಿಸಿಕೊಳ್ಳಲು ಪಂದ್ಯಗಳೇ ಇವೆ. ಪ್ರೌಢಶಾಲಾ ವಿದ್ಯಾರ್ಥಿಗಳಿಗೆಂದೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ೨೦೧೩ರಲ್ಲಿ ‘ಪಿಕೊ ಸಿಟಿಎಫ್’ ಎಂಬುದನ್ನು ತೊಡಗಿದರು. ಕೇರಳದ ಅಮೃತಪುರಿಯಲ್ಲಿರುವ ಅಮೃತ ವಿಶ್ವವಿದ್ಯಾಪೀಠದವರು ೨೦೧೦ರಲ್ಲಿ ‘ಇನ್‌ಸಿಟಿಎಫ್’ ಎಂಬುದನ್ನು ಭಾರತದ ವಿದ್ಯಾರ್ಥಿಗಳಿಗಾಗಿ ಆರಂಭಿಸಿ, ಮುಂದೆ ಶಾಲಾಮಕ್ಕಳಿಗೂ ಒಂದು ಶಾಖೆಯನ್ನು ತೆರೆದರು.

ಪಂದ್ಯದಿಂದ ಬುದ್ಧಿ ಹರಿತವಾಗುವುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲೊಂದು ಕೃತಕತೆಯಿದೆ. ಸಮಸ್ಯೆಯನ್ನು ಕೈಗೆತ್ತಿಕೊಂಡವನಿಗೆ, ಇದರಲ್ಲಿ ಒಂದು ಬಿರುಕು ಉಂಟು ಎಂಬುದು ಮೊದಲೇ ಗೊತ್ತು. ಬಿರುಕನ್ನು ಇಟ್ಟವನೂ ಅದನ್ನು ಹುಡುಕಲಿ ಎಂದೇ ಇಟ್ಟಿದ್ದಾನೆ. ಆಸ್ಪತ್ರೆಯ ಅಥವಾ ವಿದ್ಯುತ್ ಕೇಂದ್ರದ ಗಣಕವನ್ನು ಕಾಯುವವನಿಗೆ ಈ ಭಾಗ್ಯವಿಲ್ಲ. ಬಿರುಕು ಇದೆಯೆ, ಇದ್ದರೆ ಎಲ್ಲಿ, ಈಗಾಗಲೇ ಯಾರಾದರೂ ಒಳಗೆ ಬಂದಿದ್ದಾರೆಯೆ ಎಂಬ ಮೂರು ಪ್ರಶ್ನೆಗಳಿಗೂ ಅವನ ಬಳಿ ಉತ್ತರವಿರುವುದಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಪಂದ್ಯದ ಎರಡನೆಯ ರೂಪ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರಾ ಶಾಖೆಯಲ್ಲಿ ಜೊವಾನಿ ವಿನ್ಯಾ ಎಂಬ ಪ್ರಾಧ್ಯಾಪಕರು ೨೦೦೧ರಲ್ಲಿ ತಮ್ಮ ತರಗತಿಯ ಅಭ್ಯಾಸಕ್ಕಾಗಿ ಏರ್ಪಡಿಸಿದ ಆಟವು ೨೦೦೪ರ ವೇಳೆಗೆ ಹಲವು ದೇಶಗಳ ವಿಶ್ವವಿದ್ಯಾನಿಲಯಗಳ ನಡುವಿನ ಸ್ಪರ್ಧೆಯಾಗಿ ಬೆಳೆಯಿತು. ಇದರಲ್ಲಿ ಪ್ರತಿಯೊಂದು ತಂಡಕ್ಕೂ ಒಂದೇ ಬಗೆಯ ಯಂತ್ರವನ್ನು ಕೊಡುವರು. ಅದರಲ್ಲಿ ಕೆಲವು ಸೇವೆಗಳು ನಡೆಯುತ್ತಿರುತ್ತವೆ, ಸೇವೆಗಳಲ್ಲಿ ದೋಷಗಳಿರುತ್ತವೆ. ಕೆಲವು ನಿಮಿಷಗಳಿಗೊಮ್ಮೆ ವ್ಯವಸ್ಥಾಪಕರ ಪ್ರೋಗ್ರಾಮು ಪ್ರತಿ ಸೇವೆಯೊಳಗೂ ಹೊಸ ಧ್ವಜವನ್ನಿಟ್ಟು, ಹಿಂದೆ ಇಟ್ಟದ್ದು ಸರಿಯಾಗಿ ದೊರೆಯುವುದೇ ಎಂದು ಪರೀಕ್ಷಿಸುತ್ತದೆ. ತಂಡವು ತನ್ನ ಯಂತ್ರದ ದೋಷವನ್ನು ಕಂಡು ಮುಚ್ಚಬೇಕು. ಅದೇ ದೋಷದ ಮೂಲಕ ಇತರರ ಧ್ವಜಗಳನ್ನು ಕದಿಯಬೇಕು. ದಾಳಿಗೆ ಹೆದರಿ ಸೇವೆಯನ್ನೇ ನಿಲ್ಲಿಸಿದರೆ ಧ್ವಜ ಕಳವಾಗದು ನಿಜ, ಆದರೆ ಪರೀಕ್ಷೆಗೆ ಬಂದ ಪ್ರೋಗ್ರಾಮಿಗೂ ಅದು ಸಿಗದು, ಅಂಕ ಹೋಗುತ್ತದೆ. ಬಾಗಿಲನ್ನು ಮುಚ್ಚುವುದೂ ಒಂದು ಸೋಲು ಎಂಬ ೧೯೮೮ರ ಪಾಠ ಇಲ್ಲಿ ಆಟದ ನಿಯಮವಾಗಿಬಿಟ್ಟಿದೆ.

ಈ ನಿಯಮ ಎಷ್ಟು ಬಿಗಿಯಾದುದೆಂಬುದಕ್ಕೆ ೨೦೧೬ರ ಆಗಸ್ಟ್ ೪ರಂದು ಲಾಸ್ ವೇಗಸಿನಲ್ಲಿ ನಡೆದ ಒಂದು ಸ್ಪರ್ಧೆ ಸಾಕ್ಷಿ. ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆ ‘ಡಾರ್ಪಾ’ ಇದನ್ನು ಏರ್ಪಡಿಸಿತು. ಆಟಗಾರರಾಗಿದ್ದವು ಏಳು ಯಂತ್ರಗಳು, ಮನುಷ್ಯರು ಕೈಹಾಕುವಂತಿರಲಿಲ್ಲ. ದೋಷವನ್ನು ಹುಡುಕುವುದು, ದುರಸ್ತಿ ಮಾಡುವುದು, ಎದುರಾಳಿಯ ಮೇಲೆ ಬೀಳುವುದು ಎಲ್ಲವೂ ಯಂತ್ರದ್ದೇ ಕೆಲಸ. ದುರಸ್ತಿಯಿಂದ ಪ್ರೋಗ್ರಾಮು ನಿಧಾನವಾದರೂ ಅಂಕ ಕಳೆಯುತ್ತಿದ್ದುದರಿಂದ, ಮದ್ದು ರೋಗಕ್ಕಿಂತ ಹೆಚ್ಚು ಬಾಧಿಸುವುದೇ ಎಂದು ತೂಗಿ ನೋಡುವುದೂ ಯಂತ್ರಕ್ಕೇ ಬಿಟ್ಟದ್ದಾಯಿತು. ಇಪ್ಪತ್ತು ಲಕ್ಷ ಡಾಲರುಗಳ ಬಹುಮಾನವನ್ನು ಗೆದ್ದ ‘ಮೇಹೆಮ್’ ಎಂಬ ಯಂತ್ರವು ಪಂದ್ಯದ ನಡುವೆ ಕೆಟ್ಟು ಬಹುಮಟ್ಟಿಗೆ ಸುಮ್ಮನಾಗಿದ್ದಿತು. ಆದರೂ ಮೊದಲು ಗಳಿಸಿದ ಮುನ್ನಡೆಯ ಬಲದಿಂದ ಅದೇ ಗೆದ್ದಿತು. ಅದಾದ ಮೇಲೆ ಅದನ್ನು ಡೆಫ್‌ಕಾನಿನಲ್ಲಿ ಮನುಷ್ಯರ ತಂಡಗಳೊಡನೆ ಆಡಿಸಿದಾಗ ಕೊನೆಯ ಸ್ಥಾನ ಬಂದಿತು.

ಈಗ ರಕ್ಷಣಾಭ್ಯಾಸಕ್ಕೆ ಬರೋಣ. ಇಲ್ಲಿ ವಿದ್ಯಾರ್ಥಿಗಳು ಯಾರ ಮೇಲೂ ದಾಳಿ ಮಾಡುವುದಿಲ್ಲ. ಮಾಡಿದರೆ ದಂಡನೆಯುಂಟು. ಅಮೆರಿಕದ ಸೈನಿಕ ಕಾಲೇಜುಗಳಲ್ಲಿ ೨೦೦೧ರಿಂದ ಇಂಥ ಅಭ್ಯಾಸ ನಡೆಯಿತು. ಇತರ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ೨೦೦೫ರಲ್ಲಿ ಟೆಕ್ಸಸಿನ ಸಾನ್ ಆಂಟೋನಿಯೊದಲ್ಲಿ ಕಾಲೇಜುಗಳ ರಕ್ಷಣಾ ಸ್ಪರ್ಧೆ ಆರಂಭವಾಯಿತು. ಇದರ ಏರ್ಪಾಡು ಸ್ವಾರಸ್ಯವಾದುದು. ವಿದ್ಯಾರ್ಥಿಗಳದು ನೀಲಿ ತಂಡ. ದಾಳಿ ಮಾಡುವವರು ಕೆಂಪು ತಂಡದವರು. ಅವರು ವಿದ್ಯಾರ್ಥಿಗಳಲ್ಲ, ವೃತ್ತಿಯಲ್ಲಿ ಪಳಗಿದವರು. ತೀರ್ಪುಗಾರರದು ಬಿಳಿ ತಂಡ. ಎಂಟು ಮಂದಿಯ ನೀಲಿ ತಂಡವೊಂದು ಬೆಳಗ್ಗೆ ಕೊಠಡಿಯೊಳಕ್ಕೆ ಕಾಲಿಡುವುದನ್ನು ಊಹಿಸಿಕೊಳ್ಳೋಣ.

ಅವರಿಗೆ ಹೇಳುವುದಿಷ್ಟು: ಇದೊಂದು ಸಣ್ಣ ಕಂಪೆನಿ, ಹಿಂದಿನ ಗಣಕಾಧಿಕಾರಿಗಳು ಹೋಗಿಬಿಟ್ಟಿದ್ದಾರೆ, ಇಂದಿನಿಂದ ನೀವೇ. ಗಿರಾಕಿಗಳಿಗೆ ಜಾಲತಾಣ ತೆರೆಯಬೇಕು, ಅಂಚೆ ಹೋಗಬೇಕು ಬರಬೇಕು, ಹೆಸರು ಕೇಳಿದವರಿಗೆ ವಿಳಾಸ ಸಿಗಬೇಕು. ಹಿಂದಿನವರು ಏನನ್ನು ಎಲ್ಲಿಟ್ಟಿದ್ದರೆಂಬುದಕ್ಕೆ ಸರಿಯಾದ ದಾಖಲೆಯಿಲ್ಲ. ಕೆಲವು ಯಂತ್ರಗಳು ಹಳೆಯವು. ಗುಪ್ತಪದಗಳು ತಯಾರಕರು ಕೊಟ್ಟಾಗ ಇದ್ದಂತೆಯೇ ಇವೆ. ಕೆಂಪು ತಂಡದವರಿಗೂ ಇಂಥ ಗುಪ್ತಪದಗಳು ಹೊಸವಲ್ಲ. ಆದುದರಿಂದ ಮೊದಲ ಹತ್ತು ಹದಿನೈದು ನಿಮಿಷಗಳು ಓಟದ ಪಂದ್ಯ: ಇವರು ಗುಪ್ತಪದವನ್ನು ಬದಲಾಯಿಸುವುದು ಮೊದಲೋ, ಅವರು ಅದರಿಂದ ಒಳಹೊಗುವುದು ಮೊದಲೋ?

ಇಷ್ಟರಲ್ಲಿ ಬಾಗಿಲಿನಿಂದ ಒಂದು ಕಾಗದ ಬರುತ್ತದೆ. ಆಡಳಿತದವರು ಬರೆದಿದ್ದಾರೆ: ‘ಹೊಸದಾಗಿ ಇಪ್ಪತ್ತು ಮಂದಿ ನೌಕರರು ಸೇರಿದ್ದಾರೆ, ಒಂದು ಗಂಟೆಯೊಳಗೆ ಅವರಿಗೆ ಖಾತೆಗಳನ್ನು ತೆರೆಯಿರಿ.’ ಮತ್ತೊಂದು ಕಾಗದ: ‘ಬೆಂಕಿಗೋಡೆಯ ಬಗ್ಗೆ ನಿರ್ದೇಶಕರಿಗೆ ಅರ್ಥವಾಗುವಂತೆ ಎರಡು ಪುಟಗಳ ಟಿಪ್ಪಣಿ ಬೇಕು.’ ಮನೆಗೆ ಬೆಂಕಿ ಬಿದ್ದಿರುವಾಗ ಟಿಪ್ಪಣಿಯೆ! ಎಂದು ವಿದ್ಯಾರ್ಥಿಗೆ ಸಿಟ್ಟು ಬರುತ್ತದೆ. ಬರುವುದು ಸಹಜ. ಆದರೆ ಈ ಕಾಗದಗಳಿಗೂ ಅಂಕಗಳಿವೆ, ಅದೂ ಸಣ್ಣ ಪ್ರಮಾಣದಲ್ಲಲ್ಲ. ಕಂಪೆನಿ ಇರುವುದು ವ್ಯಾಪಾರಕ್ಕಾಗಿ, ಕಾವಲುಗಾರನಿಗಾಗಿ ಅಲ್ಲ. ಪಂದ್ಯಗಳಲ್ಲಿ ಅತಿ ಕಠಿಣವಾದ ಸಮಸ್ಯೆಗಳನ್ನು ಬಿಡಿಸಿದ ಜಾಣನೂ ಇಲ್ಲಿ ಎರಡು ಪುಟಗಳ ಸ್ಪಷ್ಟವಾದ ಟಿಪ್ಪಣಿಯನ್ನು ಬರೆಯಲಾರದೆ ತಂಡವನ್ನು ಹಿಂದೆ ಹಾಕುವುದುಂಟು. ಎಂಟು ಮಂದಿಯಲ್ಲಿ ಒಬ್ಬರು ಬರೆಯಬಲ್ಲವರು ಇರಬೇಕೆಂಬುದು ಅನುಭವಿಗಳ ಮಾತು.

ಮಧ್ಯಾಹ್ನದ ವೇಳೆಗೆ ಜಾಲತಾಣದ ಮುಖಪುಟದಲ್ಲಿ ಕೆಂಪು ತಂಡದವರು ಬರೆದ ಒಂದು ಹಾಸ್ಯದ ಸಾಲು ಕಾಣಿಸಿಕೊಳ್ಳುತ್ತದೆ ಎನ್ನೋಣ. ಈಗ ಏನು ಮಾಡುವುದು? ಯಂತ್ರವನ್ನು ಜಾಲದಿಂದ ಕಿತ್ತರೆ ಪೀಡೆ ತಪ್ಪುತ್ತದೆ, ಸೇವೆಯೂ ನಿಲ್ಲುತ್ತದೆ. ಪರೀಕ್ಷಿಸುವ ಪ್ರೋಗ್ರಾಮು ಯಾವ ಗಳಿಗೆಯಲ್ಲಿ ಬಂದು ನೋಡುವುದೋ ತಿಳಿಯದು. ಹಾಗೆಯೇ ಬಿಟ್ಟರೆ ಒಳಗಿರುವವನು ಪಕ್ಕದ ಯಂತ್ರಕ್ಕೂ ದಾಟುತ್ತಾನೆ. ಒಬ್ಬಳು ವಿದ್ಯಾರ್ಥಿನಿ ಯಂತ್ರದ ದಿನಚರಿಯನ್ನು ಓದುತ್ತಾಳೆ. ಯಂತ್ರವು ತನ್ನೊಳಗೆ ನಡೆದುದನ್ನು ಗಳಿಗೆ ಗಳಿಗೆಗೂ ಬರೆದಿಡುವ ದಾಖಲೆ ಅದು. ಪುಟಗಟ್ಟಲೆ ನೀರಸವಾದ ಸಾಲುಗಳು. ಅವುಗಳ ಮಧ್ಯೆ, ತಂಡದವರಾರೂ ಕುಳಿತಿರದ ಯಂತ್ರದಿಂದ ಬಂದ ಒಂದು ಪ್ರವೇಶ ಅವಳ ಕಣ್ಣಿಗೆ ಬೀಳುತ್ತದೆ. ಮತ್ತೊಬ್ಬನು ಬೆಳಗ್ಗೆ ಮೊದಲ ಗಂಟೆಯ ಕೊನೆಯಲ್ಲಿ ಜಾಣತನದಿಂದ ತೆಗೆದಿಟ್ಟಿದ್ದ ಪ್ರತಿಯಿಂದ ತಾಣವನ್ನು ಮೊದಲಿನಂತೆ ನಿಲ್ಲಿಸುತ್ತಾನೆ. ಹತ್ತು ನಿಮಿಷ ಎಲ್ಲವೂ ಸರಿ. ಹನ್ನೊಂದನೆಯ ನಿಮಿಷದಲ್ಲಿ ಅದೇ ಸಾಲು ಮತ್ತೆ. ಪ್ರತಿಯಿಂದ ಮತ್ತೆ ನಿಲ್ಲಿಸುವುದು, ಮತ್ತೆ ಅದೇ ಸಾಲು. ಸಂಜೆಯವರೆಗೆ ಹೀಗೆ ನಾಲ್ಕು ಸಾರಿ.

ರಾಷ್ಟ್ರಗಳ ಮಟ್ಟದಲ್ಲಿಯೂ ಇದೇ ಅಭ್ಯಾಸ ನಡೆಯುವುದುಂಟು. ೨೦೦೭ರಲ್ಲಿ ಎಸ್ಟೋನಿಯ ದೇಶದ ಸರಕಾರಿ ತಾಣಗಳೂ ಬ್ಯಾಂಕುಗಳೂ ಪತ್ರಿಕೆಗಳೂ ವಾರಗಟ್ಟಲೆ ಜಾಲದ ದಾಳಿಗೆ ಒಳಗಾಗಿದ್ದುವು. ಮರುವರ್ಷ ಆ ದೇಶದ ರಾಜಧಾನಿ ಟಾಲಿನ್ನಿನಲ್ಲಿ ನೇಟೋ ಕೂಟದ ಮನ್ನಣೆ ಪಡೆದ ಸೈಬರ್ ರಕ್ಷಣಾ ಕೇಂದ್ರ ನೆಲೆಗೊಂಡಿತು. ಅಲ್ಲಿಯ ‘ಲಾಕ್ಡ್ ಷೀಲ್ಡ್ಸ್’ ಎಂಬ ಅಭ್ಯಾಸದಲ್ಲಿ ಬೆರಿಲಿಯ ಎಂಬ ಕಲ್ಪಿತ ದೇಶವನ್ನು ಕಾಯಬೇಕು. ವಿದ್ಯುತ್ತು, ನೀರು, ಹಣಕಾಸು ನಡೆಯುತ್ತಲೇ ಇರಬೇಕು. ಜೊತೆಗೆ ಪತ್ರಕರ್ತರಿಗೆ ಉತ್ತರ ಹೇಳಬೇಕು, ಕಾನೂನಿನ ಪ್ರಶ್ನೆಗಳನ್ನು ಬಿಡಿಸಬೇಕು. ಪ್ರಮಾಣ ದೊಡ್ಡದು, ಕಾಗದವನ್ನು ಹಿಡಿದು ಬಾಗಿಲಿಗೆ ಬರುವವನು ಅಲ್ಲಿಯೂ ಉಂಟು.

ನಮ್ಮ ಎಂಟು ಮಂದಿಯ ಕಡೆಗೆ ತಿರುಗೋಣ. ಅಭ್ಯಾಸ ಮುಗಿದ ಮೇಲೆ ಎರಡೂ ತಂಡಗಳು ಎದುರುಬದುರಾಗಿ ಕುಳಿತುಕೊಳ್ಳುತ್ತವೆ. ಪಂದ್ಯಕ್ಕೂ ಇದಕ್ಕೂ ಇರುವ ನಿಜವಾದ ಅಂತರ ಈ ಗಂಟೆಯಲ್ಲಿದೆ. ಬಿಡಿಸಲಾಗದ ಸಮಸ್ಯೆ ಪಂದ್ಯದಲ್ಲಿ ಒಂದು ಸೊನ್ನೆಯಾಗಿ ಉಳಿಯುತ್ತದೆ; ಇಲ್ಲಿ, ಕದ್ದವನೇ ಎದ್ದು ನಿಂತು ತಾನು ಬಂದ ದಾರಿಯನ್ನು ತೋರಿಸುತ್ತಾನೆ. ಕೆಂಪು ತಂಡದವನು ಹೇಳುವುದು ಹೀಗಿರಬಹುದು: ‘ನೀವು ಗುಪ್ತಪದ ಬದಲಾಯಿಸಿದ್ದು ಹನ್ನೆರಡನೆಯ ನಿಮಿಷದಲ್ಲಿ. ನಾವು ಒಳಗೆ ಬಂದದ್ದು ನಾಲ್ಕನೆಯ ನಿಮಿಷದಲ್ಲಿ. ಬಂದವರು, ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಎಚ್ಚರಗೊಂಡು ನಮಗೆ ಕಿಂಡಿ ತೆರೆಯುವ ಒಂದು ಸಣ್ಣ ಪ್ರೋಗ್ರಾಮನ್ನು ಇಟ್ಟು ಹೋದೆವು. ನೀವು ಪ್ರತಿ ತೆಗೆದದ್ದು ಅದಾದ ಮೇಲೆ. ನಮ್ಮ ಕಿಂಡಿಯೂ ಆ ಪ್ರತಿಯೊಳಗೇ ಇದ್ದಿತು. ಆಮೇಲಿನ ನಾಲ್ಕು ಸಾರಿಯೂ ನಮ್ಮನ್ನು ಒಳಗೆ ಕರೆದವರು ನೀವೇ.’

ಆ ಹೊತ್ತಿಗೆ ಯಂತ್ರಗಳನ್ನೆಲ್ಲ ಆರಿಸಿರುತ್ತಾರೆ. ಆದರೂ ದಿನಚರಿಯನ್ನು ಓದಿದ್ದ ಆ ವಿದ್ಯಾರ್ಥಿನಿ ತನ್ನ ಟಿಪ್ಪಣಿ ಪುಸ್ತಕವನ್ನು ಹಿಂದಕ್ಕೆ ತಿರುವಿ, ನಾಲ್ಕನೆಯ ನಿಮಿಷದಲ್ಲಿ ತಾನು ಏನು ಮಾಡುತ್ತಿದ್ದೆನೆಂದು ಹುಡುಕತೊಡಗುತ್ತಾಳೆ.